ಬದು ದಾಟಿದ ಸುತ್ತಿಗೆ ಏಟು

ಮಾರ್ಚ್ ತಿಂಗಳ ಒಂದು ಶುಕ್ರವಾರ. ಸ್ಪ್ರಿಂಟ್ ರಿವ್ಯೂ ಮುಗಿಸಿ, ಯಶವಂತಪುರದಲ್ಲಿ ರೈಲು ಹತ್ತಿ, ಪುಣ್ಯಕ್ಕೆ ಕಿಟಕಿ ಪಕ್ಕ ಸೀಟು ಸಿಕ್ಕಿ ಕಣ್ಣು ಮುಚ್ಚಿದ್ದೆ. ದಾಬಸ್‌ಪೇಟೆ ಹತ್ರ ಬಂದಾಗ ಫೋನು ಗುರ್ ಅಂತು. ಅಣ್ಣನ ವಾಟ್ಸಾಪ್. ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸೋದು ಬಿಟ್ರೆ ನಮ್ಮಿಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೆ.

"ತೋಟಕ್ಕೆ ಸೈಸ್ಮಿಕ್ ಸರ್ವೆಯೋರು ಬರ್ತಿದಾರೆ. ಲೈನು ನಿಮ್ಮ ಕಡೆಗೂ ಬರಬೇಕಂತೆ. ಚಿಕ್ಕಪ್ಪನ್ನ ನೀನೇ ಒಂದ್ಸಲ ಕೇಳ್ತೀಯಾ?"

ಕ್ಯಾತ್ಸಂದ್ರ ದಾಟೋವರೆಗೂ ಅದನ್ನೇ ನೋಡ್ತಾ ಕೂತಿದ್ದೆ. ಸರ್ವೆ ಏನು ಅನ್ನೋದಕ್ಕಿಂತ ಆ ಕೊನೇ ಸಾಲು ತಲೆಯಲ್ಲಿ ಸುತ್ತುತ್ತಿತ್ತು. ಯಾಕಂದ್ರೆ ನಮ್ಮಪ್ಪ, ದೊಡ್ಡಪ್ಪ ಮಾತಾಡಿ ಎಂಟು ವರ್ಷ ಆಗಿದೆ.

ನಿಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಈ ಕಥೆ ಗೊತ್ತಿರುತ್ತೆ, ಊರಿನ ಹೆಸರಷ್ಟೇ ಬೇರೆ. ಗುಬ್ಬಿ ತಾಲ್ಲೂಕು, ನಿಟ್ಟೂರು ಕಡೆ ನಾಲ್ಕು ಎಕರೆ ತೆಂಗಿನ ತೋಟ. ನಡುವೆ ಒಂದಿಷ್ಟು ಅಡಿಕೆ. 2009ರಲ್ಲಿ ಭಾಗ ಆಯ್ತು. ಇಬ್ಬರಿಗೂ ರಸ್ತೆ ಬೇಕು ಅಂತ ತೋಟವನ್ನ ಉದ್ದಕ್ಕೆ ಸೀಳಿದ್ರು. ಒಬ್ಬೊಬ್ಬರಿಗೆ ಎರಡೆರಡು ಎಕರೆ. ಅಗಲ 200 ಅಡಿ, ಉದ್ದ ಸುಮಾರು 435 ಅಡಿ. ತಾತ ತೋಡಿಸಿದ ಬಾವಿ ನಮ್ಮ ಪಾಲಿಗೆ ಬಂತು. ವಾರದಲ್ಲಿ ಮೂರು ದಿನ ದೊಡ್ಡಪ್ಪ ನೀರು ಎತ್ತಬಹುದು ಅಂತ ಭಾಗಪತ್ರದಲ್ಲೇ ಬರೆದಿದ್ರು. ಆದ್ರೆ ಆ ಹೊತ್ತಿಗಾಗಲೇ ಬಾವಿಯಲ್ಲಿ ಎತ್ತೋಕೆ ಏನೂ ಇರಲಿಲ್ಲ. ಆಮೇಲೆ ಎರಡೂ ಕಡೆ ಬೋರು ಬಂತು. 2017ರಲ್ಲಿ ದೊಡ್ಡಪ್ಪ ಬದುವಿನಿಂದ ನಲವತ್ತು ಅಡಿ ಬಿಟ್ಟು ಒಂದು ಹೊಸ ಬೋರು ಹಾಕಿಸಿದ್ರು. ಎರಡು ಇಂಚು ನೀರು. ಹದಿನೈದು ದಿನಕ್ಕೆ ನಮ್ಮ ಬೋರಿನ ಮೋಟರು ಬರೀ ಗಾಳಿ ಎತ್ತೋಕೆ ಶುರು ಮಾಡ್ತು. ಅಪ್ಪ ಜಗಳ ಆಡಲಿಲ್ಲ. ಮೇಷ್ಟ್ರು ಕೆಲಸ ಮಾಡಿದವರು, ಜೋರು ದನಿ ಬರಲ್ಲ. ಮಾತು ಬಿಟ್ಟರು, ಅಷ್ಟೆ. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರ್ತಾರೆ.

ಈಗ ದೊಡ್ಡಪ್ಪನ ಆ ಬೋರೂ ನಿಂತಿದೆ. ಅದಾದ ಮೇಲೆ ಮೂರು ಕೊರೆಸಿದರು. ಒಂದು 900 ಅಡಿ ಹೋಗಿ ಬರೀ ಧೂಳು. ಮೂರಕ್ಕೂ ಪಾಯಿಂಟ್ ಹಾಕಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯೋ ಒಬ್ಬ ಹಿರಿಯರು. ಕಾಯಿ ಮೂರು ಸಲವೂ ಎದ್ದು ನಿಂತಿತ್ತಂತೆ. ತೆಂಗಿಗೆ ಹೆಸರಾದ ಜಿಲ್ಲೆಯಲ್ಲಿ ತೆಂಗಿನಕಾಯಿಯೇ ಹೀಗೆ ಕೈಕೊಡೋದು ನೋಡಿ! (ನಾವೂ ಅದೇ ಹಿರಿಯರನ್ನ ಒಂದ್ಸಲ ಕರೆಸಿದ್ವಿ. ನಗೋ ಹಕ್ಕು ನನಗಿಲ್ಲ.)

ಮನೆಗೆ ಬಂದು ವಿಷಯ ಹೇಳಿದ ತಕ್ಷಣ ಮೊದಲು ಬೆಚ್ಚಿದ್ದು ಅಮ್ಮ. "ಸೈಸ್ಮಿಕ್ ಅಂದ್ರೆ ಭೂಕಂಪ ಅಲ್ವೇನೇ? ತೋಟದ ಮನೆ ಗೋಡೆ ಗತಿ ಏನು?"

ಅಮ್ಮನ ಹೆದರಿಕೆಗೆ ಕಾರಣ ಇದೆ. ಅವಳ ತವರು ಕುಣಿಗಲ್ ತಾಲ್ಲೂಕು. ಅಜ್ಜಿ ಮನೆಗೆ ಒಂದು ಮೈಲಿ ದೂರದಲ್ಲಿ ಕಲ್ಲು ಕ್ವಾರಿ. ಮಧ್ಯಾಹ್ನ ಸೈರನ್ ಕೂಗಿ, ಆಮೇಲೆ ಧಡ್ ಅಂದ್ರೆ ಅಟ್ಟದ ಮೇಲಿನ ಪಾತ್ರೆ ಕಿಣಿಕಿಣಿ ಅನ್ನೋದು. ಅಜ್ಜಿ ನಡುಮನೆ ಗೋಡೆಯ ಬಿರುಕಿಗೆ ಪ್ರತಿ ವರ್ಷ ಸಿಮೆಂಟು ಮೆತ್ತುತ್ತಿದ್ದರು, ಪ್ರತಿ ವರ್ಷ ಅದು ಮತ್ತೆ ಬಾಯಿ ಬಿಡುತ್ತಿತ್ತು. ಕ್ವಾರಿಯೋರು ಬಂದು "ನಿಮ್ಮದು ಹಳೇ ಮಣ್ಣಿನ ಗೋಡೆ, ಅದಕ್ಕೇ" ಅಂದು ಹೋದರು. ಅಂಥ ಸ್ಫೋಟಕ್ಕೂ ಒಂದು ಮಿತಿ ಇದೆ ಅನ್ನೋದು ನನಗೆ ಗೊತ್ತಾಗಿದ್ದು ಈಗ, ಈ ಸರ್ವೆ ಬಗ್ಗೆ ಓದುವಾಗ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ, ಗಣಿಯವರದ್ದಲ್ಲದ ವಾಸದ ಮನೆಯ ಹತ್ರ ನೆಲ ಅಲುಗುವ ವೇಗ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್ ದಾಟಬಾರದು. ಕಂಪನ ನಿಧಾನದ್ದಾದಷ್ಟೂ ಮಿತಿ ಬಿಗಿ. ಅಜ್ಜಿಗೆ ಇದನ್ನ ಯಾರೂ ಹೇಳಲಿಲ್ಲ. ಅಳತೆ ಮಾಡೋ ಯಂತ್ರ ತಂದು ಅವರ ಜಗುಲಿ ಮೇಲೆ ಯಾರೂ ಇಡಲೂ ಇಲ್ಲ.

ನಮ್ಮ ತೋಟದ ವಿಷಯ ಇದಕ್ಕೆ ಹೋಲಿಸಿದ್ರೆ ಏನೇನೂ ಅಲ್ಲ. ಭೂವಿಜ್ಞಾನಿಗೆ ಫೋನ್ ಮಾಡಿದೆ. ನನ್ನ ವಯಸ್ಸಿನವನೇ ಇರಬೇಕು, ತಾಳ್ಮೆಯಿಂದ ವಿವರಿಸಿದ. ನೆಲದ ಮೇಲೆ ಒಂದು ಲೋಹದ ತಟ್ಟೆ ಇಟ್ಟು, ಎಂಟು ಕೆ.ಜಿ. ಸುತ್ತಿಗೆಯಲ್ಲಿ ಹೊಡೆಯೋದು. ಕಲ್ಲು ಒಡೆಯೋರ ಸಮ್ಮಟಿಗೆ ಇದೆಯಲ್ಲ, ಅದೇ. ಐದೈದು ಮೀಟರಿಗೆ ಒಂದರಂತೆ ಇಪ್ಪತ್ನಾಲ್ಕು ಜಿಯೋಫೋನ್‌ಗಳನ್ನ ನೆಲಕ್ಕೆ ಚುಚ್ಚಿರ್ತಾರೆ. ಅವು ಏಟಿನ ಅಲೆ ಎಷ್ಟು ಮಿಲಿಸೆಕೆಂಡಿಗೆ ತಮ್ಮನ್ನ ಮುಟ್ಟಿತು ಅಂತ ಕೇಳಿಸ್ಕೊಳ್ತವೆ. ನಮ್ಮ ಕೆಲಸದವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ, ಭೂಮಿಗೆ ಪಿಂಗ್ ಮಾಡೋದು.

ಸಡಿಲ ಮಣ್ಣಲ್ಲಿ ಅಲೆ ಸೆಕೆಂಡಿಗೆ 300–600 ಮೀಟರ್ ಹೋಗುತ್ತೆ. ಕೆಳಗಿನ ಶಿಥಿಲವಾದ ಕಲ್ಲಲ್ಲಿ ಸಾವಿರದಿಂದ ಎರಡು ಸಾವಿರ ಚಿಲ್ಲರೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಐದು ಸಾವಿರದ ಆಸುಪಾಸು. ಹತ್ತಿರದ ಜಿಯೋಫೋನಿಗೆ ಅಲೆ ಮೇಲ್ಮಣ್ಣಲ್ಲೇ ನಡ್ಕೊಂಡು ಬರುತ್ತೆ. ದೂರದ್ದಕ್ಕೆ ಮಾತ್ರ ಅದು ಮೊದಲು ಕೆಳಗಿಳಿದು, ಬಂಡೆಯ ಮೇಲೆ ಓಡಿ, ಮತ್ತೆ ಮೇಲೆ ಬರುತ್ತೆ. ಸುತ್ತು ದಾರಿ ಆದ್ರೂ ಬೇಗ ಮುಟ್ಟುತ್ತೆ. ಬಿ.ಎಚ್. ರೋಡಿನ ಟ್ರಾಫಿಕ್ ಬೇಡ ಅಂತ ಬೈಪಾಸ್ ಹಿಡಿದ ಹಾಗೆ. ಎಷ್ಟು ದೂರದಿಂದ ಈ ಬೈಪಾಸ್ ಲಾಭ ಶುರುವಾಯ್ತು ಅನ್ನೋದರ ಮೇಲೆ ಬಂಡೆ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕ್ತಾರೆ.

ಇಲ್ಲೇ ನಮ್ಮ ಬದು ಅಡ್ಡ ಬರೋದು. ಲೈನು ಎಷ್ಟು ಉದ್ದವೋ, ಅದರ ನಾಲ್ಕನೇ ಅಥವಾ ಐದನೇ ಒಂದು ಭಾಗದಷ್ಟು ಆಳ ಕಾಣುತ್ತೆ ಅನ್ನೋದು ಅವರ ಒರಟು ಲೆಕ್ಕ. ದೊಡ್ಡಪ್ಪನ ಪಾಲಿನ ಅಗಲ 200 ಅಡಿ, ಅಂದ್ರೆ 61 ಮೀಟರ್. ಅಷ್ಟರಲ್ಲೇ ಲೈನು ಹಾಕಿದ್ರೆ ಕಾಣೋದು ನಲವತ್ತು, ಹೆಚ್ಚಂದ್ರೆ ಐವತ್ತು ಅಡಿ ಆಳ. ಇಪ್ಪತ್ನಾಲ್ಕು ಜಿಯೋಫೋನಿನ ಪೂರ್ತಿ ಲೈನು 115 ಮೀಟರ್. ಅದಕ್ಕೆ ಎರಡೂ ಪಾಲು ಸೇರಬೇಕು. "ಹಾಗಾದ್ರೆ ಉದ್ದಕ್ಕೆ ಹಾಕಿ, 435 ಅಡಿ ಇದೆಯಲ್ಲ" ಅಂದೆ. ಆಗಲ್ಲವಂತೆ. ನಮ್ಮ ಕಡೆ ಕಲ್ಲಿನ ಪದರಗಳು, ಬಿರುಕುಗಳು ಬಹುಮಟ್ಟಿಗೆ ಉತ್ತರ–ದಕ್ಷಿಣವಾಗಿ ಹಾದು ಹೋಗಿವೆ. ಅದಕ್ಕೆ ಸಮಾನಾಂತರವಾಗಿ ಲೈನು ಎಳೆದ್ರೆ ಕಾಲುವೆ ಪಕ್ಕದಲ್ಲೇ ನಡೆದು ಕಾಲುವೆ ಹುಡುಕಿದಂತೆ. ಅಡ್ಡಡ್ಡ ದಾಟಬೇಕು.

ಅಣ್ಣ–ತಮ್ಮ ರಸ್ತೆ ನೋಡ್ಕೊಂಡು ಭಾಗ ಮಾಡ್ಕೊಂಡಿದ್ದರು. ನೆಲದ ಒಳಗಿನ ಬಂಡೆಗೆ ಆ ಭಾಗಪತ್ರ ಯಾರೂ ಓದಿ ಹೇಳಿರಲಿಲ್ಲ.

ಒಂದು ಪ್ರಶ್ನೆ ನೇರವಾಗಿಯೇ ಕೇಳಿದೆ: "ಇದರಲ್ಲಿ ನೀರು ಕಾಣುತ್ತಾ?" ಆತ ಪ್ರಾಮಾಣಿಕ. ಕಾಣಲ್ಲ ಅಂದ. ಎಂಟುನೂರು ಅಡಿ ಕೆಳಗಿನ ಬಿರುಕು ಸುತ್ತಿಗೆ ಏಟಿಗೆ ಸಿಗೋದೇ ಇಲ್ಲ. ಸೆಕೆಂಡಿಗೆ 1,500 ಮೀಟರ್ ಅಂತ ಬಂದ್ರೆ ಅದು ನೀರು ತುಂಬಿದ ಮಣ್ಣಿರಬಹುದು, ಒಣಗಿದ ಶಿಥಿಲ ಕಲ್ಲೂ ಇರಬಹುದು. ಅದಕ್ಕೇ ಜೊತೆಗೆ ಕರೆಂಟ್ ಬಿಟ್ಟು ನೋಡೋ ರೆಸಿಸ್ಟಿವಿಟಿ ಸರ್ವೆಯನ್ನೂ ಮಾಡ್ತಾರೆ. ಸುತ್ತಿಗೆ ಹೇಳೋದು ಇಷ್ಟೇ: ಮೇಲಿನ ಮೆತ್ತನೆ ಪದರ ಎಲ್ಲಿ ದಪ್ಪ, ಎಲ್ಲಿ ತೆಳು. ಮಳೆ ನೀರು ನಿಲ್ಲೋ ಜಾಗ ಆ ಪದರ. ಇಂಗುಗುಂಡಿ ಎಲ್ಲಿ ಮಾಡಬೇಕು ಅನ್ನೋದಕ್ಕೆ ಅದು ಒಳ್ಳೇ ಉತ್ತರ. ಬೋರು ಎಲ್ಲಿ ಅನ್ನೋದಕ್ಕೆ ಅರ್ಧ ಉತ್ತರ. ನಿಮ್ಮ ತೋಟಕ್ಕೆ ಯಾರಾದ್ರೂ ಸೈಸ್ಮಿಕ್ ಮಾಡಿ ಸಾವಿರ ಅಡಿ ಕೆಳಗೆ ನಾಲ್ಕಿಂಚು ನೀರು ತೋರಿಸ್ತೀನಿ ಅಂದ್ರೆ, ಚಹಾ ಕೊಟ್ಟು ಕಳಿಸಿ.

ಹೀಗೆ ನೆಲ ಕೇಳೋದು ಕರ್ನಾಟಕಕ್ಕೆ ಹೊಸದೇನಲ್ಲ. 1972–75ರಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ, ಸೋವಿಯತ್ ತಜ್ಞರ ಸಹಾಯದಿಂದ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿವರೆಗೆ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ, ಸುಮಾರು 600 ಕಿ.ಮೀ. ಲೈನು ಹಾಕಿತ್ತು. ಅದು ಸುತ್ತಿಗೆ ಅಲ್ಲ, ಗುಂಡಿ ತೋಡಿ ಸಿಡಿಮದ್ದು ಇಟ್ಟಿದ್ದು. ಅವರು ಹುಡುಕುತ್ತಿದ್ದದ್ದು ಭೂಮಿಯ ತೊಗಟೆಯ ತಳ. ದೇಶದಲ್ಲಿ ಅಂಥ ಮೊದಲ ಲೈನು ಅದು.

ಇನ್ನೂ ಹತ್ತಿರದ್ದು ಬೇಕಂದ್ರೆ ನಮ್ಮ ಜಿಲ್ಲೆಯದೇ ಇದೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ನೆನಪಿರಬಹುದು: ಹತ್ತು ಹನ್ನೆರಡು ವರ್ಷದ ಹಿಂದೆ ಹೆಲಿಕಾಪ್ಟರೊಂದು ದೊಡ್ಡ ಚೌಕಟ್ಟು ನೇತು ಹಾಕ್ಕೊಂಡು ತೆಂಗಿನ ತೋಟಗಳ ಮೇಲೆ ಹಿಂದೆ ಮುಂದೆ ಹಾರಾಡ್ತಿತ್ತು. ಅಂಕಸಂದ್ರ ಜಲಾನಯನದ ಸರ್ವೆ ಅದು. ಕೇಂದ್ರ ಅಂತರ್ಜಲ ಮಂಡಳಿಗಾಗಿ ಎನ್‌ಜಿಆರ್‌ಐ ಮತ್ತು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ದೇಶದಲ್ಲಿ ಪ್ರಯೋಗಕ್ಕೆ ಅಂತ ಆರಿಸಿದ್ದು ಆರೇ ಜಾಗ, ಅದರಲ್ಲಿ ಒಂದು ನಮ್ಮದು. ಆ ಚೌಕಟ್ಟಿನಿಂದ ನೆಲಕ್ಕೆ ವಿದ್ಯುತ್ಕಾಂತೀಯ ಅಲೆ ಬಿಟ್ಟು ಉತ್ತರ ಕೇಳ್ತಾರೆ. ಸುತ್ತಿಗೆಯೂ ಇಲ್ಲ, ಕೇಬಲ್ಲೂ ಇಲ್ಲ, ಬದು ದಾಟೋ ಪ್ರಶ್ನೆಯೂ ಇಲ್ಲ. 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಗುಬ್ಬಿ ತಾಲ್ಲೂಕಿನಲ್ಲೇ ಶುರುವಾದಾಗ ಅಣ್ಣ ಜೋಕ್ ಮಾಡಿದ್ದ, "ಇನ್ಮೇಲೆ ಒಂದು ನಮ್ಮ ತೋಟಕ್ಕೂ ಕಳಿಸ್ಲಿ" ಅಂತ.

ಸರಿ, ನೆಲದ ಮೇಲೆ ಕಾಲಿಟ್ಟು ಸರ್ವೆ ಮಾಡೋರಿಗೆ ನಾವು "ಬೇಡ" ಅನ್ನಬಹುದಾ? ಇದನ್ನ ಹುಡುಕುತ್ತಾ ಒಂದು ಇಡೀ ಭಾನುವಾರ ಹೋಯ್ತು. ಉತ್ತರ, ಕೇಳ್ತಿರೋದು ಯಾರು ಅನ್ನೋದರ ಮೇಲೆ ನಿಂತಿದೆ.

ಪಕ್ಕದವರೋ, ಖಾಸಗಿ ಕಂಪನಿಯೋ ಸುಮ್ಮನೆ ಬಂದು ಕೇಳಿದ್ರೆ ನಿಮ್ಮ "ಬೇಡ"ವೇ ಕೊನೇ ಮಾತು. ಕಾರಣ ಕೊಡಬೇಕಾಗಿಲ್ಲ. ಖನಿಜ ಹುಡುಕೋ ಲೈಸೆನ್ಸ್ ಇಟ್ಕೊಂಡು ಬಂದವರ ವಿಷಯ ಬೇರೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಂ ಅವರಿಗೆ ಜಮೀನಿನೊಳಗೆ ಬರೋ ಹಕ್ಕು ಕೊಡುತ್ತೆ. ಆದ್ರೆ ಮನೆಯೊಳಗೆ, ಮನೆಗೆ ಸೇರಿದ ಅಂಗಳ, ಕೈತೋಟದೊಳಗೆ ನಿಮ್ಮ ಒಪ್ಪಿಗೆ ಇಲ್ಲದೆ ಬರಬೇಕಾದ್ರೆ ಕನಿಷ್ಠ ಏಳು ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಹಾಳಾದದ್ದಕ್ಕೆ ಪರಿಹಾರವನ್ನೂ ಕೊಡಬೇಕು. ರಸ್ತೆ, ಕಾಲುವೆ ಅಂತ 2013ರ ಭೂಸ್ವಾಧೀನ ಕಾಯ್ದೆಯಡಿ ಸರ್ಕಾರ ಸರ್ವೆಗೆ ಬಂದ್ರೆ 12ನೇ ಕಲಂ ನೋಡಿ. ನೀವೋ, ನೀವು ಬರೆದುಕೊಟ್ಟು ಕಳಿಸಿದವರೋ ಎದುರಿಗಿರಬೇಕು. ನೀವಿಲ್ಲದೆ ಮಾಡಬೇಕಂದ್ರೆ ಅರವತ್ತು ದಿನ ಮೊದಲು ನೋಟಿಸ್ ಕೊಟ್ಟು ನಿಮಗೆ ಬರೋಕೆ ಅವಕಾಶ ಕೊಟ್ಟಿರಬೇಕು. ಆ ಕಾಯ್ದೆಯಲ್ಲಿ ನೆಲ ಕೊರೆದು ನೋಡೋ ಅಧಿಕಾರವೂ ಇದೆ, ಅದರಿಂದಾದ ಹಾನಿಗೆ ದುಡ್ಡು ಕೊಡೋ ಹೊಣೆಯೂ ಇದೆ. ಗೇಟಿನ ಹತ್ರ ಜೀಪು ನಿಂತಾಗ ನಾವು ಕೇಳಬೇಕಾದ ಮೊದಲ ಮಾತು "ಏನು ಮಾಡ್ತೀರಾ" ಅಲ್ಲ, "ಯಾವ ಕಾಯ್ದೆಯಲ್ಲಿ ಬಂದಿದೀರಾ, ಕಾಗದ ತೋರಿಸಿ" ಅಂತ.

ತೈಲ ಕಂಪನಿಯ ದೊಡ್ಡ ಸೈಸ್ಮಿಕ್ ಲಾರಿಗಳು ಗುಬ್ಬಿಗೆ ಬರೋ ಭಯ ಬೇಡ. 2016ರಲ್ಲಿ ಶುರುವಾದ ರಾಷ್ಟ್ರೀಯ ಸೈಸ್ಮಿಕ್ ಕಾರ್ಯಕ್ರಮ 48,243 ಕಿ.ಮೀ. ಲೈನಿನ ಗುರಿ ಇಟ್ಕೊಂಡಿತ್ತು, ಆದ್ರೆ ಅದೆಲ್ಲಾ ಕೆಸರು ಪದರದಿಂದ ಆದ ಕಲ್ಲಿರೋ ಪ್ರದೇಶಗಳಿಗೆ. ನಮ್ಮದು ಕರಿಕಲ್ಲು, ಬಿಳಿಕಲ್ಲಿನ ಸೀಮೆ. ಅಮೆರಿಕದ ಟೆಕ್ಸಾಸಿನಲ್ಲಿ ಇದೇ ದೊಡ್ಡ ವ್ಯವಹಾರ. ಮೇಲಿನ ನೆಲ ಒಬ್ಬರದ್ದು, ಕೆಳಗಿನ ಖನಿಜದ ಹಕ್ಕು ಇನ್ನೊಬ್ಬರದ್ದು ಇರಬಹುದು. ಲೈನು ಹಾಯಿಸೋಕೆ ಎಕರೆಗೆ ಇಷ್ಟು ಅಂತ ದುಡ್ಡು ಕೊಟ್ಟು ಸಹಿ ಹಾಕಿಸ್ಕೊಳ್ತಾರೆ. ನಮ್ಮಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು: ಕಾನೂನು ಕಿತ್ತುಕೊಳ್ಳದ ಹೊರತು ಕೆಳಗಿನ ಖನಿಜವೂ ನೆಲದ ಒಡೆಯನದೇ. ನೀರಿನ ಕಥೆ ಇನ್ನೂ ವಿಚಿತ್ರ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ನಿಮ್ಮ ನೆಲದ ಕೆಳಗಿನ ನೀರನ್ನ ನಿಮ್ಮ ಗಡಿಯೊಳಗೆ ಎತ್ತೋದು ನಿಮ್ಮ ಹಕ್ಕು. ಅಧಿಸೂಚಿತ ಪ್ರದೇಶಗಳಲ್ಲಿ ಬೋರಿಗೆ ಅನುಮತಿ ಬೇಕು ಅಂತ ರಾಜ್ಯದ 2011ರ ಅಂತರ್ಜಲ ಕಾಯ್ದೆ ಹೇಳುತ್ತೆ. ಆದ್ರೆ 2017ರಲ್ಲಿ ನಮ್ಮ ನೀರು ದೊಡ್ಡಪ್ಪನ ಬೋರಿಗೆ ಹೋಯ್ತು ಅಂತ ಅಪ್ಪ ಯಾವ ಕೋರ್ಟಿನ ಮೆಟ್ಟಿಲು ಹತ್ತಿದ್ರೂ, ಅದು ನಮ್ಮದೇ ನೀರು ಅಂತ ತೋರಿಸೋದು ಹೇಗೆ?

ಅಣ್ಣ ಒಪ್ಪಿಗೆ ಪತ್ರ ಕಳಿಸಿದ. ಸರ್ವೆ ಕಂಪನಿಯ ಅಚ್ಚು, ಇಂಗ್ಲಿಷಲ್ಲಿ ಒಂದೂವರೆ ಪುಟ. "ಸುಮ್ನೆ ಫಾರ್ಮಾಲಿಟಿ, ಸಹಿ ಹಾಕ್ಸು" ಅಂದ. ದಿನಾ ಹತ್ತು ಆ್ಯಪಿಗೆ ಓದದೇ "ಐ ಅಗ್ರೀ" ಒತ್ತೋಳು ನಾನು, ಇದನ್ನ ಮಾತ್ರ ಮೂರು ಸಲ ಓದಿದೆ. ನಾಲ್ಕನೇ ಅಂಶ: ಸಿಕ್ಕ ದತ್ತಾಂಶವೆಲ್ಲ ಕಂಪನಿಯ ಸ್ವತ್ತು, ಬೇರೆಯವರಿಗೆ ಕೊಡುವ ಹಕ್ಕೂ ಅವರದು. ವರದಿ ಹೋಗೋದು "ಗ್ರಾಹಕರಿಗೆ", ಅಂದ್ರೆ ದುಡ್ಡು ಕೊಡೋ ದೊಡ್ಡಪ್ಪನಿಗೆ. ನಮ್ಮ ನೆಲದ ಅರ್ಧ ಲೈನಿನ ಫಲಿತಾಂಶ ನಮಗೆ ತೋರಿಸಬೇಕು ಅನ್ನೋ ಮಾತೇ ಎಲ್ಲೂ ಇರಲಿಲ್ಲ.

ಅಮ್ಮ ಗೋಡೆಗೆ ಹೆದರಿದ್ದಳು. ಹೆದರಬೇಕಾಗಿದ್ದು ಈ ಕಾಗದಕ್ಕೆ. ಸುತ್ತಿಗೆ ಏಟು ಸಂಜೆಗೆ ಮರೆತುಹೋಗುತ್ತೆ. ನಮ್ಮ ನೆಲದ ಕೆಳಗೆ ಏನಿದೆ ಅಂತ ಒಬ್ಬರಿಗೆ ಗೊತ್ತಾಗಿ ಇನ್ನೊಬ್ಬರಿಗೆ ಗೊತ್ತಾಗದೇ ಹೋದ್ರೆ, ಅದನ್ನ ಆಮೇಲೆ ಸರಿಮಾಡೋಕೆ ಆಗಲ್ಲ.

ಅಪ್ಪನ ಹತ್ರ ಮಾತಾಡಿದ್ದು ಆ ರಾತ್ರಿ, ಊಟ ಆದ ಮೇಲೆ. ಪೂರ್ತಿ ಕೇಳಿಸ್ಕೊಂಡರು.

"ಅವತ್ತು ಬೋರು ಕೊರೆಸೋವಾಗ ಕೇಳಿದ್ನಾ ಅವ್ನು ನನ್ನ?"

"ಇಲ್ಲ ಅಪ್ಪ. ಇವತ್ತು ಕೇಳ್ತಿದಾರೆ."

"ಕೇಳ್ತಿರೋದು ಯಾಕೆ? ಅವನ ಪಾಲಲ್ಲಿ ಏನೂ ಉಳಿದಿಲ್ಲ, ಅದಕ್ಕೆ. ನಮ್ಮ ಕಡೆ ಇದೆ ಅಂತ ಗೊತ್ತಾದ್ರೆ ಬದುವಿಗೆ ಅಂಟಿಸಿ ಕೊರೀತಾನೆ."

ತೆಗೆದುಹಾಕೋ ಮಾತಲ್ಲ ಅದು. ನಾನು ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ಅಲ್ಲಿ ತೆಂಗು ಎಷ್ಟು ಹೋಗಿದ್ಯಂತೆ?" ಅಣ್ಣ ಕಳಿಸಿದ್ದ ಫೋಟೋ ತೋರಿಸಿದೆ. ಸುಳಿ ಒಣಗಿ ಬೋಳಾಗಿ ನಿಂತ ಮರಗಳು. ಅಪ್ಪ ಕನ್ನಡಕ ಹಾಕ್ಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು. "ಈ ಸಾಲು ನಾವಿಬ್ಬರೂ ಸೇರಿ ನೆಟ್ಟಿದ್ದು. ಇವನು ಗುಂಡಿ ತೆಗೆದ, ನಾನು ನೀರು ಹೊತ್ತೆ" ಅಂದು ಫೋನ್ ಕೊಟ್ಟು ಎದ್ದು ಹೋದರು.

ಬೆಳಿಗ್ಗೆ ಕಾಫಿ ಕುಡೀತಾ ಹೇಳಿದರು. "ಬರ್ಲಿ. ಆದ್ರೆ ಕಾಗದ ನೀನು ಬರಿ."

ಬರೆದೆ. ನನ್ನ ಮೊದಲ ತಪ್ಪು, ಎಲ್ಲವನ್ನೂ ಒಂದೇ ಕಾಗದಕ್ಕೆ ತುಂಬಿದ್ದು. ವಕೀಲಿ ಓದಿದ ಗೆಳತಿ ನೋಡಿ ಬೈದಳು. "ಸರ್ವೆಗೆ ಒಪ್ಪಿಗೆ ಬೇರೆ, ನೀರಿಗೆ ಒಪ್ಪಂದ ಬೇರೆ. ಎರಡನ್ನೂ ಕಲಸಬೇಡ. ನಾಳೆ ಒಂದು ಮುರಿದ್ರೆ ಇನ್ನೊಂದನ್ನೂ ಎಳ್ಕೊಂಡು ಬೀಳುತ್ತೆ." ಹಾಗಾಗಿ ಎರಡಾಯ್ತು. ಮೊದಲನೆಯದು ಕನ್ನಡದಲ್ಲಿ, ಒಂದೇ ಪುಟ. ಒಂದು ದಿನ ಮಾತ್ರ, ಕೈಸುತ್ತಿಗೆ ಮಾತ್ರ. ಸಿಡಿಮದ್ದು ಇಲ್ಲ, ಕೊರೆಯೋದು ಇಲ್ಲ, ಡ್ರಿಪ್ ಪೈಪ್ ತುಳಿದು ಒಡೆದರೆ ಸರಿಮಾಡಿ ಹೋಗಬೇಕು. ಅಳತೆಯ ಮೂಲ ಫೈಲು ಮತ್ತು ವರದಿ ಎರಡೂ ಮನೆಗೆ ಒಂದೇ ದಿನ, ಒಂದೇ ಈಮೇಲಿನಲ್ಲಿ. ಇಬ್ಬರ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಯಾರಿಗೂ ಕೊಡುವಂತಿಲ್ಲ. ಈ ಒಪ್ಪಿಗೆಯಿಂದ ದಾರಿಗಾಗಲಿ, ನೀರಿಗಾಗಲಿ ಯಾರಿಗೂ ಹೊಸ ಹಕ್ಕು ಹುಟ್ಟೋದಿಲ್ಲ. ಪಹಣಿಯಲ್ಲಿ ಹೆಸರಿರೋ ಅಪ್ಪನ ಸಹಿ. ಕಂಪನಿಯವರು ದತ್ತಾಂಶದ ಸಾಲಿಗೆ ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿದರು. ಕೇಳಿದ್ರೆ ಒಪ್ತಾರೆ. ಯಾರೂ ಕೇಳಿರಲಿಲ್ಲ, ಅಷ್ಟೆ.

ಎರಡನೆಯದಕ್ಕೆ ಮೂರು ವಾರ ಹಿಡೀತು. ಬದುವಿನಿಂದ ನೂರು ಅಡಿ ಒಳಗೆ ಇಬ್ಬರೂ ಬೋರು ಕೊರೆಸಬಾರದು ಅಂತ ಅಪ್ಪನ ಷರತ್ತು. "ಇನ್ನೂರು ಅಡಿ ಅಗಲದಲ್ಲಿ ನೂರು ಬಿಟ್ರೆ ನಂಗೇನವ್ವಾ ಉಳೀತು, ಮಣ್ಣಾ?" ಅಂತ ದೊಡ್ಡಪ್ಪ ನನಗೆ ಫೋನ್ ಮಾಡಿ ಕೇಳಿದರು. ಮಾತು ಇಬ್ಬರದ್ದು, ಕಿವಿ ನನ್ನದು. ಕೊನೆಗೆ ಅರವತ್ತಕ್ಕೆ ನಿಂತಿತು.

ಸರ್ವೆ ದಿನ ರಜೆ ಹಾಕಿದ್ದೆ. ಬೆಳಿಗ್ಗೆ ಏಳಕ್ಕೇ ಶುರು. ಗಾಳಿ ಏಳೋ ಮುಂಚೆ ಮುಗಿಸಬೇಕಂತೆ. ತೆಂಗಿನ ಮರ ತೂಗಿದ್ರೆ ಬೇರು ನೆಲ ಅಲುಗಿಸುತ್ತೆ, ಅದೂ ಜಿಯೋಫೋನಿಗೆ ಕೇಳುತ್ತೆ! ಅಕ್ಕಪಕ್ಕದ ಮೋಟರುಗಳನ್ನ ನಿಲ್ಲಿಸೋಕೆ ಅಣ್ಣ ಬೈಕಲ್ಲಿ ಓಡಾಡಿದ. ಒಂದೊಂದು ಜಾಗದಲ್ಲೂ ಎಂಟೆಂಟು ಏಟು. ಎಲ್ಲವನ್ನೂ ಕೂಡಿಸಿದ್ರೆ ಏಟಿನ ಅಲೆ ಬೆಳೆಯುತ್ತೆ, ಅಡ್ಡಾದಿಡ್ಡಿ ಸದ್ದು ಒಂದನ್ನೊಂದು ಹೊಡೆದುಹಾಕುತ್ತೆ. ನಡುವೆ ಅರಸೀಕೆರೆ ಕಡೆ ಒಂದು ರೈಲು ಹೋಯ್ತು. ಅಷ್ಟು ದೂರದ ರೈಲು ಲ್ಯಾಪ್‌ಟಾಪ್ ಪರದೆ ಮೇಲೆ ಇಪ್ಪತ್ನಾಲ್ಕು ಗೆರೆಯನ್ನೂ ಕುಣಿಸಿಬಿಡ್ತು. ಎಲ್ಲರೂ ಸುಮ್ಮನೆ ನಿಂತು ಅದು ಹೋಗೋದನ್ನೇ ಕಾದೆವು.

ಅಮ್ಮ ತೋಟದ ಮನೆ ಗೋಡೆಗೆ ಅಂಗೈ ಇಟ್ಟು ನಿಂತಿದ್ದಳು. ಮೊದಲ ಏಟು ಬಿತ್ತು. "ಹೊಡೆದ್ರಾ?" ಅಂತ ಕೇಳಿದಳು.

ಬದು ಹತ್ರ ಬಂದಾಗ ಕೇಬಲ್ಲು ಬೇಲಿ ಮುಳ್ಳಿಗೆ ಸಿಕ್ಕಿಹಾಕ್ಕೊಳ್ತು. ಆ ಕಡೆಯಿಂದ ದೊಡ್ಡಪ್ಪ, ಈ ಕಡೆಯಿಂದ ಅಪ್ಪ ಬಗ್ಗಿ ಬಿಡಿಸಿದರು. ಮಾತಿಲ್ಲ. ದೊಡ್ಡಪ್ಪನ ಕೈ ನಡುಗುತ್ತೆ ಅನ್ನೋದನ್ನ ನಾನು ಅವತ್ತು ನೋಡಿದೆ. ಅಪ್ಪನೂ ನೋಡಿದರು ಅನ್ಸುತ್ತೆ.

ಐದನೇ ದಿನ ಈಮೇಲ್ ಬಂತು. ಎರಡು ವಿಳಾಸಕ್ಕೂ ಒಂದೇ ನಿಮಿಷ. ದೊಡ್ಡಪ್ಪನ ಕಡೆ ಗಟ್ಟಿ ಬಂಡೆ ಮೂವತ್ತೈದು ನಲವತ್ತು ಅಡಿಗೇ ಸಿಗುತ್ತೆ. ಬದು ದಾಟಿ ನಮ್ಮ ಕಡೆ ಬರ್ತಾ ಅದು ಇಳೀತಾ ಹೋಗಿ, ಹಳೇ ಬಾವಿ ಇರೋ ಕಡೆ ಎಂಬತ್ತು ಅಡಿ ಹತ್ರ ಮುಟ್ಟಿದೆ. ಮೆತ್ತನೆ ಪದರ ದಪ್ಪ ಇರೋದು ಅಲ್ಲೇ. ಅಂದ್ರೆ ಅಪ್ಪ ಹೆದರಿದ್ದು ನಿಜವೇ ಆಗಿತ್ತು. ನಾನು ಅಣ್ಣನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆ ಕಡೆಯೂ ಸ್ಪೀಕರ್ ಇತ್ತು. ಯಾರೂ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಆಮೇಲೆ ದೊಡ್ಡಪ್ಪನ ದನಿ, ಯಾರಿಗೆ ಹೇಳ್ತಿದಾರೆ ಅಂತ ಗೊತ್ತಾಗದ ಹಾಗೆ: "ನಮ್ಮಪ್ಪ ಸುಮ್ನೆ ಅಲ್ಲಿ ಬಾವಿ ತೋಡುಸ್ಲಿಲ್ಲ ಕಣ್ರೋ."

ಬೋರಿನ ತೀರ್ಮಾನ ಇನ್ನೂ ಆಗಿಲ್ಲ. ಕಾಗದ ಎರಡೂ ಅಮ್ಮನ ಬೀರುವಿನಲ್ಲಿವೆ. ಭೂವಿಜ್ಞಾನಿ ಹೇಳೋ ಪ್ರಕಾರ ಮೊದಲು ಬಾವಿಯ ಹೂಳು ತೆಗೆಸಿ, ಎರಡೂ ಕಡೆಯ ಮಳೆ ನೀರನ್ನ ಜಲ್ಲಿ, ಮರಳಿನಲ್ಲಿ ಸೋಸಿ ಅದಕ್ಕೇ ತಿರುಗಿಸಬೇಕು, ಎರಡು ಮಳೆಗಾಲ ನೋಡಬೇಕು. ಬಾವಿ ನಮ್ಮದು, ನೀರು ಇಬ್ಬರ ನೆಲದ್ದು. ಹಾಗಾದ್ರೆ ಖರ್ಚು ಯಾರದ್ದು ಅನ್ನೋದು ಈಗಿನ ಪ್ರಶ್ನೆ.

ಕಳೆದ ಭಾನುವಾರ ಅಪ್ಪ ನನ್ನ ಫೋನ್ ಇಸ್ಕೊಂಡು ವರಾಂಡಕ್ಕೆ ಹೋದರು. ಕಿಟಕಿಯಿಂದ ಕೇಳ್ತಿತ್ತು. "ಹೂಳೆಲ್ಲಾ ನನ್ನ ಕಡೇನೇ ಯಾಕೆ ಹಾಕಿಸ್ಲಿ? ಅಡಿಕೆ ಬುಡಕ್ಕೆ ನಿಂಗೂ ಬೇಕಲ್ವಾ... ಅಲ್ಲ, ಕ್ರೇನಿನೋನು ದಿನದ ಲೆಕ್ಕದಲ್ಲಿ ಕೇಳ್ತವ್ನೆ, ಗುತ್ತಿಗೆಗೆ ಒಪ್ಸು ಅಂದ್ರೆ... ನೀನೇ ಮಾತಾಡಣ್ಣ, ನಂಗೆ ಅವನ ಹತ್ರ ಆಗಲ್ಲ."